ನೀರು ಕಾಣದ ದಾರ

‘ಬೇರೆ ಕಡೆ ಕೊಂಡ ರೀಲಿಗೆ ಇಲ್ಲಿ ದಾರ ಸುತ್ತಿಕೊಡಲಾಗುವುದಿಲ್ಲ.’

ಈ ಹಲಗೆಯನ್ನು ಅವಳೇ ಬರೆದು, ಅವಳೇ ಮೊಳೆ ಹೊಡೆದು, ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವ ಹಾಗೆ ತೂಗುಹಾಕಿದ್ದಳು. ಹೀಗಿರುವಾಗ, ಅದೇ ಹಲಗೆಯ ಕೆಳಗೆ ಬಂದು ನಿಂತು, ರಟ್ಟಿನ ಡಬ್ಬಿಯಿಂದ ಗಾಳದ ಹೊಚ್ಚ ಹೊಸ ರೀಲು ತೆಗೆದು, “ಮೇಡಂ, ಇದಕ್ಕೆ ಸ್ವಲ್ಪ ದಾರ ಸುತ್ತಿಕೊಡ್ತೀರಾ?” ಎಂದು ಕೇಳುವವನಿಗೆ ಏನು ಹೇಳಬೇಕು?

“ಓದೋಕೆ ಬರತ್ತೆ ತಾನೇ ನಿಮಗೆ?” ಎಂದಳು.

“ಬರತ್ತೆ ಮೇಡಂ. ದಿನಕ್ಕೆ ಎಂಬತ್ತು ವಿಳಾಸ ಓದ್ತೀನಿ.”

ಆಗ ಅವಳು ತಲೆಯೆತ್ತಿ ನೋಡಿದಳು. ಹಸಿರು ಅಂಗಿ, ಜೇಬಿನ ಮೇಲೆ ಪಾರ್ಸಲ್ ಕಂಪನಿಯ ಗುರುತು, ಮೊಣಕೈವರೆಗೆ ಮಾತ್ರ ಬಿಸಿಲಿಗೆ ಕಪ್ಪಾದ ಕೈಗಳು. ಸರಿಹೋಯಿತು. ಊರಿನ ಮೀನು ಹಿಡಿಯುವವರ ಮನೆಮನೆಗೆ ಫೋನಿನಲ್ಲಿ ತರಿಸಿದ ಡಬ್ಬಿಗಳನ್ನು ತಲುಪಿಸುವವನು ಇವನೇ! ಯಾರಿಂದಾಗಿ ಅಂಗಡಿಯ ಗಾಳದ ರಾಡುಗಳ ಮೇಲೆ ಧೂಳು ಕೂರುತ್ತಿದೆಯೋ, ಅವನೇ ಈಗ ಗಿರಾಕಿಯಾಗಿ ಬಂದಿದ್ದಾನೆ.

“ಆಗಲ್ಲ,” ಎಂದಳು.

“ಸುತ್ತಿಕೊಡು ಪುಟ್ಟಿ,” ಎಂದರು ಮೂಲೆಯ ಕುರ್ಚಿಯಿಂದ ಅಪ್ಪ. “ಬಾಗಿಲಿಗೆ ಬಂದವರನ್ನ ಹಾಗೇ ಕಳಿಸಬಾರದು.”

ಸೇತುವೆಗೆ ಹೋಗುವ ಬೀದಿಯಲ್ಲಿ ಈ ಗಾಳದ ಸಾಮಾನಿನ ಅಂಗಡಿಯನ್ನು ಅಪ್ಪ ಮೂವತ್ತು ವರ್ಷ ನಡೆಸಿದ್ದರು. ಎಂಟು ತಿಂಗಳ ಹಿಂದೆ ಅವರ ಎಡಗೈ, ಎಡಗಾಲು ಸೋತವು. ಬಲಗೈ ಚೆನ್ನಾಗಿದೆ, ಮಾತು ಚೆನ್ನಾಗಿದೆ, ಕಿವಿಯಂತೂ ಬಹಳ ಚೆನ್ನಾಗಿದೆ. ರೀಲಿನ ಹಿಡಿ ತಿರುಗುವ ಸದ್ದು ಕೇಳಿಯೇ ಒಳಗೆ ಯಾವ ಹಲ್ಲು ಸವೆದಿದೆ ಎಂದು ಹೇಳಬಲ್ಲರು. ಆದರೆ ದಾರ ಸುತ್ತುವುದಕ್ಕೆ ಇಬ್ಬರು ಬೇಕು. ದಾರದ ಉಂಡೆಯೊಳಗೆ ಪೆನ್ಸಿಲ್ ತೂರಿಸಿ ಒಬ್ಬರು ಎರಡೂ ಕೈಯಲ್ಲಿ ಹಿಡಿಯಬೇಕು. ಇನ್ನೊಬ್ಬರು ಒದ್ದೆ ಬಟ್ಟೆಯಲ್ಲಿ ದಾರವನ್ನು ಒತ್ತಿಕೊಂಡು ರೀಲಿನ ಹಿಡಿ ತಿರುಗಿಸಬೇಕು. ಪೆನ್ಸಿಲ್ ಹಿಡಿದವರು ಸಡಿಲ ಬಿಟ್ಟರೋ, ದಾರ ಪೊಳ್ಳಾಗಿ ಕೂರುತ್ತದೆ, ಹೊಳೆಗೆ ಎಸೆದ ಮೊದಲ ಏಟಿಗೇ ಗುಬ್ಬಿ ಗೂಡಿನ ಹಾಗೆ ಸಿಕ್ಕುಬೀಳುತ್ತದೆ. ಅಪ್ಪನ ಕಾಲದಿಂದಲೂ ಪೆನ್ಸಿಲ್ ಹಿಡಿಯುವುದು ಗಿರಾಕಿಯ ಕೆಲಸ.

ಅವಳು ಪೆನ್ಸಿಲ್ ಚಾಚಿದಳು. ಅವನು ಅದನ್ನು ಕಿವಿಗೆ ಸಿಕ್ಕಿಸಿಕೊಂಡ.

“ಅಲ್ಲಿಗಲ್ಲ!”

“ಓ. ಬರೆಯೋಕೆ ಅಲ್ವಾ?”

ಅಪ್ಪ ನಕ್ಕುಬಿಟ್ಟರು. ಅವಳಿಗೂ ನಗು ಬಂತು, ಆದರೆ ಅದನ್ನು ತುಟಿಯ ಒಳಗೇ ಕಚ್ಚಿ ಹಿಡಿದಳು. ಮೂರು ಹೆಜ್ಜೆ ದೂರದಲ್ಲಿ ಅವನನ್ನು ನಿಲ್ಲಿಸಿ, ಉಂಡೆ ಹಿಡಿಸಿ, ಹಿಡಿ ತಿರುಗಿಸತೊಡಗಿದಳು. ಇಬ್ಬರ ನಡುವೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ದಾರ ಬಿಗಿಯಾಯಿತು. ಅವನು ಬಹಳ ಗಂಭೀರವಾಗಿ, ಉಸಿರು ಬಿಗಿಹಿಡಿದು, ಮಲಗಿದ ಮಗುವನ್ನು ಎತ್ತಿಕೊಂಡವನ ಹಾಗೆ ನಿಂತಿದ್ದ.

“ಉಸಿರಾಡಬಹುದು,” ಎಂದಳು.

“ಸಡಿಲ ಆದ್ರೆ?”

“ಉಸಿರಾಡಿದ್ರೆ ಸಡಿಲ ಆಗಲ್ಲ.”

ಎರಡು ನೂರು ಸುತ್ತು ಮುಗಿಯುವ ಹೊತ್ತಿಗೆ ಅವಳ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ದಾರದ ತುದಿಗೆ ಎಂದಿನಂತೆ ಸಣ್ಣದೊಂದು ಕುಣಿಕೆ ಹಾಕಿ, ರೀಲಿನ ಅಂಚಿನ ಕ್ಲಿಪ್ಪಿಗೆ ಸಿಕ್ಕಿಸಿ ಕೊಟ್ಟಳು. ಮೀನಿಗೆ ಹೋಗುವವರು ಆ ಕುಣಿಕೆಯನ್ನು ಕತ್ತರಿಸಿಯೇ ಕೊಕ್ಕೆ ಕಟ್ಟಬೇಕು.

*

ಮುಂದಿನ ಶನಿವಾರ ಮಧ್ಯಾಹ್ನ, ಪಾಳಿ ಮುಗಿದ ಮೇಲೆ, ಅವನು ಮತ್ತೆ ಬಂದ. ರೀಲಿನ ತುಂಬ ಗುಬ್ಬಿ ಗೂಡು.

“ಭಾನುವಾರ ಹೋಗಿದ್ದೆ ಮೇಡಂ. ಎಸೆದೆ ನೋಡಿ, ಹೀಗಾಗೋಯ್ತು.”

“ಏನಾದ್ರೂ ಬಿತ್ತಾ?”

“ಬಿತ್ತು. ಇಷ್ಟುದ್ದ.” ಕೈ ಅಗಲಿಸಿದ. ಅವಳ ಹುಬ್ಬು ಮೇಲೇರುವುದನ್ನು ಕಂಡು ಕೈಗಳನ್ನು ಸ್ವಲ್ಪ ಹತ್ತಿರ ತಂದ. ಇನ್ನೂ ಸ್ವಲ್ಪ ತಂದ. “ಸುಮಾರು ಇಷ್ಟು.”

“ಅದಕ್ಕೆ ಮೀನು ಅನ್ನಲ್ಲ, ಪೆನ್ಸಿಲ್ ಅಂತಾರೆ. ಹಿಡ್ಕೊಳ್ಳಿ.”

ಸಿಕ್ಕು ಬಿಡಿಸುತ್ತ ಕುಳಿತವಳ ಬೆರಳುಗಳು ಒಂದು ಕಡೆ ನಿಂತವು. ಹೊಳೆಗೆ ಹೋಗಿ ಬಂದ ದಾರ ಬೆರಳಿಗೆ ಹೇಳಿಬಿಡುತ್ತದೆ. ತುದಿಯ ಮೂವತ್ತು ಮಾರು ಒರಟಾಗಿರುತ್ತದೆ, ಪಾಚಿಯ ವಾಸನೆ ಇರುತ್ತದೆ, ಮರಳಿನ ಕಣ ಇರುತ್ತದೆ. ಈ ದಾರ ಹೊಸ ರೇಷ್ಮೆಯ ಹಾಗೆ ಜಾರುತ್ತಿತ್ತು. ತುದಿಯಲ್ಲಿ ಅವಳೇ ಹಾಕಿದ ಕುಣಿಕೆ, ಹಾಕಿದ ಹಾಗೇ ಇತ್ತು.

ಅವಳು ಕತ್ತು ಬಗ್ಗಿಸಿ ಸಿಕ್ಕು ಬಿಡಿಸಿದಳು. ಬಿಡಿಸುವುದನ್ನು ಅಗತ್ಯಕ್ಕಿಂತ ತುಸು ನಿಧಾನವಾಗಿಯೇ ಮಾಡಿದಳು ಎಂದರೂ ಸುಳ್ಳಲ್ಲ.

ಮೂರನೆಯ ಶನಿವಾರ. ನಾಲ್ಕನೆಯ ಶನಿವಾರ. ‘ಮೇಡಂ’ ಹೋಗಿ ‘ನೀವು’ ಉಳಿಯಿತು. ಗಂಟು ಹಾಕುವುದರಲ್ಲಿ ನಿಪುಣೆ ಎಂದು ಗಿರಾಕಿಗಳು ಅವಳಿಗೆ ಇಟ್ಟಿದ್ದ ‘ಗಂಟಕ್ಕ’ ಎಂಬ ಹೆಸರನ್ನು ಅವನು ಒಮ್ಮೆ ಹೇಳಲು ಹೋಗಿ, ಅವಳ ಮುಖ ನೋಡಿ, “ಗಂಟೆ ಎಷ್ಟಾಯ್ತು?” ಎಂದು ಮಾತು ತಿರುಗಿಸಿದ. ಅಪ್ಪ ಅವನಿಗೆ ಅಂಗಡಿಯ ಹಳೆಯ ಪದ್ಧತಿಯನ್ನೆಲ್ಲ ಹೇಳಿಕೊಟ್ಟರು. ಇಲ್ಲಿ ಕಣ್ಣು ಬಿಟ್ಟುಕೊಂಡು ಯಾರಿಗೂ ರಾಡು ಮಾರಿದ್ದಿಲ್ಲ. ಗಿರಾಕಿ ಕಣ್ಣು ಮುಚ್ಚಿ ಅಂಗೈ ಚಾಚಬೇಕು. ಅಪ್ಪ ಒಂದಾದ ಮೇಲೊಂದು ರಾಡು ಇಡುತ್ತಿದ್ದರು. ಕಣ್ಣಿಗೆ ಬಣ್ಣ ಬೇಕು, ಕೈಗೆ ತೂಕ ಬೇಕು ಎನ್ನುತ್ತಿದ್ದರು. ಕೈ ಒಪ್ಪಿದ್ದೇ ಅವರದು.

“ನಿಮಗೆ ಯಾವ ರಾಡು ಒಪ್ತು?” ಎಂದು ಅವಳು ಕೇಳಿದಳು, ಬೇಕೆಂದೇ.

“ನನ್ನದಾ? ಅದು… ಉದ್ದನೇದು,” ಎಂದ. ಕಿವಿಯ ತುದಿ ಕೆಂಪಾಯಿತು. ಆ ಕೆಂಪನ್ನು ಅವಳು ಇಡೀ ವಾರ ಮನಸ್ಸಿನಲ್ಲಿ ಇಟ್ಟುಕೊಂಡು ತಿರುಗಾಡಿದಳು.

*

ಐದನೆಯ ಶನಿವಾರ ಬೆಳಿಗ್ಗೆ, ಅಪ್ಪನಿಗೆ ಸ್ನಾನ ಮಾಡಿಸಿ, ಕೈಕಾಲಿನ ವ್ಯಾಯಾಮ ಮಾಡಿಸಿ, ಎಂದಿನಂತೆ ಹತ್ತು ಗಂಟೆಗೆ ಅಂಗಡಿ ತೆಗೆಯುವಾಗ ಅಣ್ಣ ಬಂದ. ಅವನದು ಎರಡು ಬೀದಿ ಆಚೆ ಮನೆ. ಕೆಟ್ಟವನಲ್ಲ; ಅಪ್ಪನ ಔಷಧಿ ತಪ್ಪದೆ ತಂದುಕೊಡುವವನು.

“ನೋಡು ಪುಟ್ಟಿ, ಫೋನ್ ಕವರ್ ಮಾರೋರು ಒಬ್ಬರು ಜಾಗ ಕೇಳ್ತಿದ್ದಾರೆ. ನಾಳೆ ಬೆಳಿಗ್ಗೆ ಎಂಟಕ್ಕೆ ನೋಡೋಕೆ ಬರ್ತಾರೆ. ನಿನಗೆ ಬೇರೆ ಕೆಲಸ ನೋಡೋಣ.”

“ಅಂಗಡಿ ನಡೀತಿದೆ ಅಣ್ಣ.”

“ಎಲ್ಲಿ ನಡೀತಿದೆ? ನಿಂತ ಕಡೆಯೇ ನಿಂತಿದೆ. ಈಗ ಯಾರು ಅಂಗಡಿಗೆ ಬಂದು ಗಾಳ ಕೊಳ್ತಾರೆ ಹೇಳು? ಎಲ್ಲ ಮನೆ ಬಾಗಿಲಿಗೆ ಬರತ್ತೆ.”

ಅಪ್ಪ ಏನಾದರೂ ಹೇಳುತ್ತಾರೆಂದು ನೋಡಿದಳು. ಅವರು ಬಲಗೈಯಿಂದ ಹಳೆಯ ರೀಲೊಂದರ ಹಿಡಿ ತಿರುಗಿಸುತ್ತ, “ಅವಳು ಹೇಳಿದ ಹಾಗೆ,” ಎಂದಷ್ಟೇ ಹೇಳಿದರು.

ಅಣ್ಣ ಹೋದ ಮೇಲೆ ಒಬ್ಬ ಗಿರಾಕಿ ಬಂದ. ಕಂಕುಳಲ್ಲಿ ಡಬ್ಬಿ. “ಇದಕ್ಕೆ ದಾರ ಸುತ್ತಬೇಕಿತ್ತು. ಪಾರ್ಸಲ್ ತರೋ ಹುಡುಗ ಹೇಳಿದ, ನೀವು ಸುತ್ತಿಕೊಡ್ತೀರಂತೆ.” ಅವಳು ಹಲಗೆ ತೋರಿಸಿದಳು. ಅರ್ಧ ಗಂಟೆಗೆ ಇನ್ನೊಬ್ಬರು, ಇನ್ನೊಂದು ಡಬ್ಬಿ. “ಪಾರ್ಸಲ್ ಹುಡುಗ ಹೇಳಿದ…” ಮಧ್ಯಾಹ್ನದೊಳಗೆ ನಾಲ್ಕು ಜನ. ಒಬ್ಬೊಬ್ಬರಿಗೆ ಹಲಗೆ ತೋರಿಸುವಾಗಲೂ ಅವಳ ಸಿಟ್ಟು ಒಂದೊಂದು ಸುತ್ತು ಬಿಗಿಯುತ್ತಾ ಹೋಯಿತು.

ಎರಡು ಗಂಟೆಗೆ ಅವನು ಬಂದ, ರೀಲು ಹಿಡಿದು, ನಗುತ್ತ.

“ನಿಮ್ಮ ಡಬ್ಬಿ ಕಂಪನಿಗೆ ನಾನು ಬಿಟ್ಟಿ ಕೂಲಿ ಅಂದ್ಕೊಂಡ್ರಾ?” ಎಂದಳು.

ನಗು ಅರ್ಧಕ್ಕೆ ನಿಂತಿತು. “ಹಾಗಲ್ಲ ರೀ. ವಾಪಸ್ ಹೋಗೋ ಡಬ್ಬಿ ನೀವು ನೋಡಿಲ್ಲ, ನಾನು ನೋಡ್ತೀನಿ. ಕೊಕ್ಕೆ ವಾಪಸ್ ಬರಲ್ಲ, ಸೀಸದ ಗುಂಡು ಬರಲ್ಲ, ಬೆಂಡು ಬರಲ್ಲ. ಬರೋದೆಲ್ಲ ರಾಡು. ಬಾಗಿಲಲ್ಲೇ ಎತ್ತಿ ನೋಡ್ತಾರೆ, ಕೈಗೆ ಒಗ್ಗಲಿಲ್ಲ ಅಂತಾರೆ, ಕಟ್ಟಿ ವಾಪಸ್ ಕೊಡ್ತಾರೆ. ಅವರಿಗೆ ಬೇಕಿರೋದು ಈ ಅಂಗಡೀನೇ. ಹಾಗಾದ್ರೆ ಅಲ್ಲಿಗೆ ಯಾಕೆ ಹೋಗಲ್ಲ ಅಂತ ಕೇಳಿದ್ರೆ ಎಲ್ಲರೂ…”

“ಸಾಕು. ನೀವು ಹೊಳೆ ಕಡೆ ಹೋದವರೇ ಅಲ್ಲ. ಈ ದಾರ ಒಂದು ದಿನವೂ ನೀರು ಕಂಡಿಲ್ಲ. ನಾನು ಹಾಕಿದ ಕುಣಿಕೆ ಹಾಗೇ ಇದೆ, ನಾಲ್ಕು ವಾರದಿಂದ!” ಅಷ್ಟು ದಿನ ಗುಟ್ಟಾಗಿ ಸಿಹಿಯಾಗಿದ್ದ ಮಾತು ಬಾಯಿಂದ ಹೊರಗೆ ಬರುವಾಗ ಕಹಿಯಾಗಿ ಬಂತು. “ಇಲ್ಲಿ ಏನು ನಡೆಯತ್ತೆ ಅಂತ ನೋಡ್ಕೊಂಡು ಬಾ ಅಂತ ಕಳಿಸಿದ್ದಾರಾ ನಿಮ್ಮನ್ನ?”

“ಇಲ್ಲ!”

“ಮತ್ತೆ ಯಾಕೆ ಬರ್ತೀರಿ?”

ಅವನು ಬಾಯಿ ತೆರೆದ. ಅಪ್ಪನನ್ನು ನೋಡಿದ, ಅವಳನ್ನು ನೋಡಿದ. ಕಿವಿಯ ತುದಿಯಿಂದ ಕತ್ತಿನವರೆಗೂ ಕೆಂಪಾದ. ರೀಲನ್ನು ಮೇಜಿನ ಮೇಲೆ ಇಟ್ಟು, ಜೇಬಿನಲ್ಲಿದ್ದ ಪೆನ್ಸಿಲನ್ನು ಅದರ ಪಕ್ಕ ಇಟ್ಟು, ಹೊರಟುಹೋದ. ಅವಳ ಅಂಗಡಿಯ ಪೆನ್ಸಿಲು. ವಾರವೆಲ್ಲ ಅದು ಅವನ ಜೇಬಿನಲ್ಲೇ ಇತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ.

*

ಸಂಜೆ ಪಕ್ಕದ ಕಟಿಂಗ್ ಶಾಪಿನ ಕತ್ತರಿ ಮಾವ ಬಂದರು. ಅಪ್ಪನ ಹಳೆಯ ಸ್ನೇಹಿತರು, ಹನ್ನೊಂದು ವರ್ಷದ ಗಿರಾಕಿ. ಈಚೆಗೆ ಎಂಟು ತಿಂಗಳಿಂದ ಮಾತ್ರ ಈ ಕಡೆ ತಲೆಹಾಕಿರಲಿಲ್ಲ. ಏಪ್ರನ್ನಿನ ಕೆಳಗೆ ಏನೋ ಚೌಕವಾಗಿ ಉಬ್ಬಿತ್ತು.

“ಅದೇನು ಮಾವ ಹೊಟ್ಟೇಲಿ?”

“ಬೈಯಲ್ಲ ಅಂದ್ರೆ ತೋರಿಸ್ತೀನಿ.” ಡಬ್ಬಿ ಹೊರಬಂತು. “ಆ ಪಾರ್ಸಲ್ ಹುಡುಗ ಹೇಳಿದ, ಹೋಗಿ ಮಾವ, ಬೈದ್ರೂ ಸುತ್ತಿಕೊಡ್ತಾರೆ, ಒಳಗೆ ಕಾಲಿಟ್ರೆ ಸಾಕು ಅಂತ.”

“ನೀವೂನಾ ಮಾವ?” ಎಂದಳು. “ಇಷ್ಟು ವರ್ಷ ಇಲ್ಲೇ ಕೊಂಡವರು ನೀವು.”

ಕತ್ತರಿ ಮಾವ ಸ್ಟೂಲಿನ ಮೇಲೆ ಕುಳಿತರು. “ನಿಜ ಹೇಳ್ಲಾ ಮಗಳೇ? ನಿಮ್ಮಪ್ಪ ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೀತಿದ್ರು. ಹೊಳೆಗೆ ಹೋಗೋ ದಾರೀಲಿ ಬಂದು, ನಾಲ್ಕು ಕೊಕ್ಕೆ ತಗೊಂಡು, ನಿನ್ನೆ ಯಾರಿಗೆ ಎಲ್ಲಿ ಏನು ಸಿಕ್ತು ಅಂತ ಕೇಳ್ಕೊಂಡು ಹೋಗ್ತಿದ್ವಿ. ನೀನು ಹತ್ತಕ್ಕೆ ತೆಗೀತೀಯ. ನಿನ್ನ ತಪ್ಪಲ್ಲ, ಅಪ್ಪನ್ನ ನೋಡ್ಕೋಬೇಕು. ಆದ್ರೆ ಮೀನು ಹತ್ತರವರೆಗೆ ಕಾಯತ್ತಾ? ಒಂದು ಸಲ ಫೋನಲ್ಲಿ ತರಿಸ್ದೆ. ಆಮೇಲೆ ನೋಡ್ತೀನಿ, ಇಲ್ಲಿ ಈ ಹಲಗೆ! ಒಂದು ರೀಲು ಹೊರಗೆ ಕೊಂಡ ತಪ್ಪಿಗೆ, ಒಂದು ಕೊಕ್ಕೆಗೆ ಬರೋಕೂ ಮುಖ ಇಲ್ಲದ ಹಾಗಾಯ್ತು. ಅದನ್ನೂ ಡಬ್ಬೀಲೇ ತರಿಸ್ಕೊಂಡೆ. ನಾನೊಬ್ಬನೇ ಅಲ್ಲ, ಎಲ್ಲರ ಕಥೆಯೂ ಇದೇ.”

ಅವಳು ಹಲಗೆಯನ್ನು ನೋಡಿದಳು. ಎಷ್ಟು ಚೆಂದದ ಅಕ್ಷರ! ಇಷ್ಟು ತಿಂಗಳು ಆ ಅಕ್ಷರವೇ ಬಾಗಿಲಲ್ಲಿ ಕಾವಲು ನಿಂತು, ಬರುವವರನ್ನೆಲ್ಲ ಹಿಂದಕ್ಕೆ ಕಳಿಸುತ್ತಿತ್ತು.

“ಇನ್ನು ಆ ಹುಡುಗ,” ಎಂದರು ಮಾವ, “ಅವನಿಗೆ ರಾಡೇ ಇಲ್ಲ ಕಣಮ್ಮ. ಬರೀ ರೀಲು. ಮೊನ್ನೆ ಮನೆಗೆ ಡಬ್ಬಿ ತಂದಾಗ, ನಾನು ಹಿಡಿದ ಮೀನು ಬಾಲ ಬಡಿದದ್ದಕ್ಕೆ ಹೆದರಿ ಎರಡು ಮೆಟ್ಟಿಲು ಕೆಳಗೆ ಹಾರಿದ. ರೀಲು ಯಾಕಪ್ಪ ಕೊಂಡೆ ಅಂದ್ರೆ, ಸುತ್ತಿಸೋಕೆ ಅಂತಾನೆ.”

ಮೂಲೆಯಲ್ಲಿ ಅಪ್ಪ ಕೆಮ್ಮಿದರು. ಕೆಮ್ಮಿನ ಹಾಗಿರದ ಕೆಮ್ಮು ಅದು.

“ನಿಮಗೆ ಗೊತ್ತಿತ್ತಾ ಅಪ್ಪ?”

“ಕಿವಿ ಚೆನ್ನಾಗಿದೆಯಲ್ಲ ನನಗೆ. ಬೇರೆಯವರ ರೀಲು ಹತ್ತು ನಿಮಿಷಕ್ಕೆ ಸುತ್ತುತ್ತೀಯ. ಅವನದಕ್ಕೆ ಮುಕ್ಕಾಲು ಗಂಟೆ.”

ಅವಳು ಮುಖ ತಿರುಗಿಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, ಕತ್ತರಿ ಮಾವನ ಡಬ್ಬಿಯ ಚೀಟಿಯಲ್ಲಿದ್ದ, ಪಾರ್ಸಲ್ ತರುವವನ ನಂಬರಿಗೆ ಫೋನ್ ಮಾಡಿದಳು.

“ಹಲೋ, ಪಾರ್ಸಲ್,” ಎಂದಿತು ಅತ್ತಲಿನ ಬಾಡಿದ ದನಿ.

“ಸೇತುವೆ ಬೀದಿಯಿಂದ ಒಂದು ಡಬ್ಬಿ ತಗೊಂಡು ಹೋಗ್ಬೇಕಿತ್ತು. ನಾಳೆ ಬೆಳಿಗ್ಗೆ ಐದು ಗಂಟೆಗೆ.”

“ನಾಳೆ ರಜೆ ರೀ.”

“ಗೊತ್ತು.”

“…ಬರ್ತೀನಿ.”

*

ಭಾನುವಾರ ಬೆಳಕು ಹರಿಯುವ ಮೊದಲೇ ಅವಳು ಬಾಗಿಲು ಎತ್ತಿದಳು. ವ್ಯಾಯಾಮ ಅಂಗಡಿಯಲ್ಲೇ ಮಾಡುತ್ತೇನೆ ಎಂದು ಅಪ್ಪ ಹಟ ಹಿಡಿದು ಬಂದು ಕುಳಿತಿದ್ದರು, ತೊಡೆಯ ಮೇಲೆ ಹಳೆಯ ರೀಲು. ಹಲಗೆಯನ್ನು ಕೆಳಗಿಳಿಸಿ, ತಿರುವಿ, ಹಿಂಬದಿಯಲ್ಲಿ ಬರೆದಳು: ‘ಎಲ್ಲಿ ಕೊಂಡ ರೀಲಾದರೂ ಇಲ್ಲಿ ದಾರ ಸುತ್ತಿಕೊಡಲಾಗುತ್ತದೆ. ಬೆಳಿಗ್ಗೆ ಐದರಿಂದ.’

ಬೀದಿಗೆ ಬಿದ್ದ ದೀಪದ ಬೆಳಕನ್ನು ತುಳಿದುಕೊಂಡು ಮೊದಲು ಬಂದವನು ಅವನೇ. ಹಸಿರು ಅಂಗಿ ಇರಲಿಲ್ಲ. ತಲೆ ಬಾಚಿದ್ದ ರೀತಿ ನೋಡಿದರೆ ಕನ್ನಡಿಯ ಮುಂದೆ ಬಹಳ ಕಷ್ಟಪಟ್ಟಿರಬೇಕು.

“ಎಲ್ಲಿದೆ ಡಬ್ಬಿ?”

“ಇಲ್ಲ.”

ಅವನು ಹಲಗೆ ಓದಿದ. ಇನ್ನೊಮ್ಮೆ ಓದಿದ.

“ನಿನ್ನೆ ಕೇಳಿದ್ದಕ್ಕೆ ಉತ್ತರ ಹೇಳ್ಲಿಲ್ಲ ನೀವು,” ಎಂದಳು. “ಯಾಕೆ ಬರ್ತೀರಿ?”

“ಅದು…” ಎಂದ. ಆಮೇಲೆ ಒಂದೇ ಉಸಿರಿಗೆ, “ವಾರವೆಲ್ಲ ಬಾಗಿಲು ತಟ್ತೀನಿ ರೀ. ಸಹಿ ಹಾಕ್ತಾರೆ, ಡಬ್ಬಿ ತಗೊಳ್ತಾರೆ, ಬಾಗಿಲು ಹಾಕ್ಕೊಳ್ತಾರೆ. ನಿಂತ್ಕೊಳ್ಳಿ, ಇದನ್ನ ಹಿಡ್ಕೊಳ್ಳಿ ಅಂತ ಹೇಳಿದವರು ನೀವೊಬ್ಬರೇ. ಒಂದು ಮಧ್ಯಾಹ್ನ ಬೀದೀಲಿ ನಿಂತು ನೋಡಿದ್ದೆ, ನೀವು ಯಾರದೋ ರೀಲು ಸುತ್ತುತ್ತಿದ್ರಿ. ಆ ಪೆನ್ಸಿಲ್ ಹಿಡಿಯೋನು ನಾನಾಗಬೇಕು ಅನ್ನಿಸ್ತು. ಅದಕ್ಕೆ ರೀಲು ಬೇಕು ಅಂತ ಗೊತ್ತಾಯ್ತು, ತರಿಸ್ದೆ. ಪ್ರತಿ ಶುಕ್ರವಾರ ನಾನೇ ಕೂತು ಸಿಕ್ಕು ಮಾಡ್ತಿದ್ದೆ.”

“ರೀಲು ಇಲ್ಲೇ ಕೊಳ್ಳಬಹುದಿತ್ತಲ್ಲ!”

“ಹೌದಲ್ವಾ,” ಎಂದ. ಆ ಯೋಚನೆ ಈಗಷ್ಟೇ ಹೊಳೆದವನ ಹಾಗಿತ್ತು ಅವನ ಮುಖ.

ಅವಳು ನಕ್ಕಳು. ಈ ಸಲ ತುಟಿ ಕಚ್ಚಿ ಹಿಡಿಯಲಿಲ್ಲ.

ಅಷ್ಟರಲ್ಲಿ ಕತ್ತರಿ ಮಾವ ಬಂದರು, ಅವರ ಹಿಂದೆ ಅವರೇ ಸುದ್ದಿ ಮುಟ್ಟಿಸಿ ಕರೆತಂದ, ನಿನ್ನೆ ಹಲಗೆ ಓದಿ ಹಿಂದಿರುಗಿದ್ದ ನಾಲ್ವರಲ್ಲಿ ಇಬ್ಬರು, ಅವರ ಹಿಂದೆ ಸೇತುವೆಯ ಕಡೆ ಹೊರಟು ದೀಪ ನೋಡಿ ತಿರುಗಿದವರು. ಒಬ್ಬರಿಗೆ ಕೊಕ್ಕೆ, ಒಬ್ಬರಿಗೆ ಬೆಂಡು, ಎಲ್ಲರಿಗೂ ಮಾತು. “ಮೂರನೇ ಕಂಬದ ಹತ್ತಿರ ನಿನ್ನೆ ಏನಾದ್ರೂ ಬಿತ್ತಾ?” “ಬಿದ್ದದ್ದು ನನ್ನ ಚಪ್ಪಲಿ.” ಒಬ್ಬರು ಎಷ್ಟೋ ತಿಂಗಳ ಮೇಲೆ ಕಣ್ಣು ಮುಚ್ಚಿ ಅಂಗೈ ಚಾಚಿದರು, ಅಪ್ಪ ಬಲಗೈಯಿಂದಲೇ ರಾಡು ಇಟ್ಟರು. ಪಾರ್ಸಲ್ಲಿನವನು ಪೆನ್ಸಿಲ್ ಹಿಡಿದು ನಿಂತವನು ನಿಂತೇ ಇದ್ದ. ಅವಳು ತಿರುಗಿಸುತ್ತಲೇ ಇದ್ದಳು.

ಎಂಟಕ್ಕೆ ಅಣ್ಣ ಫೋನ್ ಕವರಿನವರನ್ನು ಕರೆದುಕೊಂಡು ಬಂದಾಗ ಒಳಗೆ ಕಾಲಿಡಲು ಜಾಗ ಇರಲಿಲ್ಲ.

“ಇದೇನು ಪುಟ್ಟಿ?”

“ಸುಮ್ನೆ ನಿಂತಿದ್ದೀರಲ್ಲ ಸ್ವಾಮಿ,” ಎಂದು ಯಾರೋ ಅವನ ಕೈಗೆ ಒಂದು ಉಂಡೆ ತುರುಕಿದರು. “ಇದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ.”

ಅಣ್ಣ ಹಿಡಿದುಕೊಂಡ. ಚಿಕ್ಕವನಿದ್ದಾಗ ಅಪ್ಪನ ಎದುರು ಹಿಡಿದು ಗೊತ್ತಿತ್ತು ಅವನಿಗೆ, ಬೆರಳುಗಳು ಮರೆತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಫೋನ್ ಕವರಿನವರ ಕಡೆ ತಿರುಗಿ, “ಈಗ ಜಾಗ ಖಾಲಿ ಇಲ್ಲ ಅನ್ಸತ್ತೆ ಸಾರ್,” ಎಂದ.

ಒಂಬತ್ತರ ಹೊತ್ತಿಗೆ ಎಲ್ಲರೂ ಹೊಳೆ ಕಡೆ ಹೋದರು. ಅಣ್ಣ ಚಹಾ ತರಲು ಹೋದ. ಅಪ್ಪ ಕಣ್ಣು ಮುಚ್ಚಿ ಒರಗಿದ್ದರು. ಪಾರ್ಸಲ್ಲಿನವನು ಒದ್ದೆ ಬಟ್ಟೆಯನ್ನು ಮಡಿಸುತ್ತಿದ್ದ, ಅಳತೆ ತಪ್ಪಿದ ಮಡಿಕೆ.

“ರೀಲು ಇದೆ, ರಾಡಿಲ್ಲ ನಿಮಗೆ,” ಎಂದಳು. “ಕಣ್ಣು ಮುಚ್ಚಿ.”

ಅವನು ಮುಚ್ಚಿದ. ಅಂಗೈ ಚಾಚಿದ. ಅವಳು ಒಂದು ರಾಡು ಇಟ್ಟಳು.

“ಭಾರ ಆಯ್ತು.”

ಇನ್ನೊಂದು ಇಟ್ಟಳು.

“ತುಂಬ ಹಗುರ.”

ಮೂರನೆಯದಕ್ಕೆ ಅವಳು ಗೋಡೆಯ ಕಡೆ ಹೋಗಲಿಲ್ಲ. ದಾರ ಎಳೆದೆಳೆದು ಬೆರಳ ತುದಿ ಗಡುಸಾದ ತನ್ನ ಕೈಯನ್ನು, ಇನ್ನೂ ಒದ್ದೆಯಾಗಿದ್ದ ಕೈಯನ್ನು, ಅವನ ಅಂಗೈ ಮೇಲೆ ಇಟ್ಟಳು.

ಅವನು ಕಣ್ಣು ತೆರೆಯಲಿಲ್ಲ. ಉಸಿರು ಬಿಗಿಹಿಡಿದಿದ್ದ, ಮೊದಲ ದಿನದ ಹಾಗೆ.

“ಉಸಿರಾಡಬಹುದು,” ಎಂದಳು ಮೆಲ್ಲಗೆ. “ನೋಡಿ ಹೇಳಿ. ಆಮೇಲೆ ವಾಪಸ್ ತಗೊಳ್ಳಲ್ಲ.”

“ನೋಡೋದೇನಿಲ್ಲ,” ಎಂದ ಅವನು. ಬೆರಳುಗಳು ಮೆತ್ತಗೆ ಮುಚ್ಚಿಕೊಂಡವು. “ಕೈ ಒಪ್ತು.”

ಮೂಲೆಯಲ್ಲಿ ಹಳೆಯ ರೀಲಿನ ಹಿಡಿ ಟಿಕ್ ಟಿಕ್ ಎಂದು ತಿರುಗಿತು. ಅಪ್ಪ ಕಣ್ಣು ಮುಚ್ಚಿಕೊಂಡೇ ಇದ್ದರು.

“ಸದ್ದು ಚೆನ್ನಾಗಿದೆ,” ಎಂದರು. “ಇಬ್ಬರಲ್ಲಿ ಒಬ್ಬರು ಬಾಗಿಲ ಕಡೆ ನೋಡಿ. ಗಿರಾಕಿ ಆಗಲೇ ನಿಂತಿದ್ದಾರೆ.”